ಲಗ್ನಪತ್ರಿಕೆಯೂ ವಾಙ್ಮಯ ತಪಸ್ಸೂ

|| ಶ್ರೀ ಹರಿವಾಯುಗುರುಭ್ಯೋ ನಮಃ ||



ಕಾರ್ತೀಕ ಶುದ್ಧ ದ್ವಾದಶಿಯಂದು ನಮ್ಮ ಮನೆಗಳ ಬೃಂದಾವನದ ಮುಂದೆ ಕಬ್ಬಿನ ಜಲ್ಲೆಗಳ ಮಂಟಪ ಕಟ್ಟಿ, ನೆಲ್ಲಿಯ ರೆಂಬೆಯನ್ನಿರಿಸಿ, ತುಳಸೀದಾಮೋದರರ ವಿವಾಹವನ್ನು ನಡೆಸುತ್ತೇವೆ. ಯೋಗನಿದ್ರೆಯ ಲೀಲೆಯನ್ನು ಮುಗಿಸಿ ಶ್ರೀಹರಿಯು ಏಳುವ ದಿನವಾದ್ದರಿಂದ ಅದಕ್ಕೆ ಉತ್ಥಾನ ದ್ವಾದಶಿಯೆಂದು ಹೆಸರು. ಚಾತುರ್ಮಾಸ್ಯ ವ್ರತವು ಸಮಾಪ್ತವಾಗುವುದೂ ಅಂದೇ. ಅಲ್ಲಿಂದ ಧನುರ್ಮಾಸವು ಪ್ರವೇಶಿಸುವವರೆಗೆ ವಿವಾಹ ಮುಹೂರ್ತಗಳ ಕಾಲ. ಮುದ್ರಣಾಲಯಗಳಿಗೆ ಬಿಡುವಿಲ್ಲ. ಮೊದಲ ಲಗ್ನಪತ್ರಿಕೆಯ ನಾಲ್ಕು ಮೂಲೆಗಳಿಗೂ ಅರಿಶಿನ ಹಚ್ಚಿ, ದೇವರ ಸನ್ನಿಧಿಯಲ್ಲಿಟ್ಟು, ‘ನೀನೇ ಬಂದು ನಡೆಸಿಕೊಡಬೇಕು’ ಎಂದು ಪ್ರಾರ್ಥಿಸುವುದು ನಮ್ಮ ಸಂಪ್ರದಾಯ. ಹೀಗೆ ಬಂದ ಪತ್ರಿಕೆಗಳನ್ನು ಬಹುಕಾಲದಿಂದ ಓದುತ್ತ ಬಂದಿರುವ ನಾವು, ಆ ಪತ್ರಿಕೆಯ ಒಕ್ಕಣೆಯನ್ನು ಕುರಿತೇ ನಾಲ್ಕು ಮಾತುಗಳನ್ನು ಇಲ್ಲಿ ವಿಜ್ಞಾಪಿಸಲು ಬಯಸುತ್ತೇವೆ. ಒಕ್ಕಣೆಯಂತಹ ಲೌಕಿಕ ವಿಷಯಕ್ಕೆ ಧರ್ಮೋಪನ್ಯಾಸವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮುಂದೆ ಹೇಳುವುದನ್ನು ಓದಿದ ಮೇಲೆ ಹಾಗನ್ನಿಸದೆಂದು ನಂಬಿದ್ದೇವೆ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತಪಸ್ಸನ್ನು ಶರೀರದಿಂದಾಗುವುದು, ಮಾತಿನಿಂದಾಗುವುದು, ಮನಸ್ಸಿನಿಂದಾಗುವುದು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಮಾತಿನ ತಪಸ್ಸಿಗೆ ನಾಲ್ಕು ಲಕ್ಷಣಗಳನ್ನು ಹೇಳಿ, ಸ್ವಾಧ್ಯಾಯವನ್ನು ಅದರೊಡನೆ ಸೇರಿಸಿದ್ದಾನೆ. ಕೇಳಿದವರ ಮನಸ್ಸು ಕಲಕಬಾರದು, ಮಾತು ಸತ್ಯವಾಗಿರಬೇಕು, ಪ್ರಿಯವಾಗಿರಬೇಕು, ಹಿತವಾಗಿರಬೇಕು. ಇವುಗಳಲ್ಲಿ ಒಂದನ್ನು ಸಾಧಿಸುವುದು ಸುಲಭ. ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಸಾಧಿಸುವುದು ಕಷ್ಟ. ಆದುದರಿಂದಲೇ ಅದು ತಪಸ್ಸು. ಗೃಹಸ್ಥನು ತನ್ನ ಜೀವನದಲ್ಲಿ ಅಚ್ಚು ಹಾಕಿಸಿ ನೂರಾರು ಮನೆಗಳಿಗೆ ಕಳುಹಿಸುವ ಮಾತು ಬಹುಶಃ ಲಗ್ನಪತ್ರಿಕೆಯೊಂದೇ. ಆ ಒಂದು ಮಾತಾದರೂ ಈ ನಾಲ್ಕು ಲಕ್ಷಣಗಳಿಗೆ ಹೊಂದಿರಬೇಡವೇ?

ತಂದೆತಾಯಿಗಳಿಬ್ಬರೂ ಜೊತೆಗಿದ್ದು, ಮಗಳ ಮದುವೆಯನ್ನು ತಾವೇ ನೆರವೇರಿಸುವಾಗ ಒಕ್ಕಣೆಯಲ್ಲಿ ತೊಡಕೇನೂ ಇಲ್ಲ. ಮೇಲೆ ಶ್ರೀಹರಿವಾಯುಗುರುಗಳ ಸ್ಮರಣೆ, ಆಮೇಲೆ ಕುಲದೇವತೆಯ ಹೆಸರು, ಬಳಿಕ ಹಿರಿಯರು, ಅನಂತರ ವಧೂವರರು. ಈ ಕ್ರಮದಲ್ಲಿ ನಮ್ಮ ಸಿದ್ಧಾಂತದ ತಾರತಮ್ಯವೇ ಅಡಗಿದೆ. ಕರ್ತೃತ್ವವು ಶ್ರೀಹರಿಯದು, ನಾವು ಅವನ ಅಧೀನರು ಎಂಬುದನ್ನು ಮೊದಲ ಸಾಲು ಸಾರುತ್ತದೆ. ಆ ಒಕ್ಕಣೆಯು ಸಾಮಾನ್ಯವಾಗಿ ಹೀಗಿರುತ್ತದೆ:

“ಶ್ರೀ ಹರಿವಾಯುಗುರುಗಳ ಅನುಗ್ರಹದಿಂದಲೂ, ಹಿರಿಯರ ಆಶೀರ್ವಾದದಿಂದಲೂ, ನಮ್ಮ ಜ್ಯೇಷ್ಠ ಪುತ್ರಿ ಚಿ|| ಸೌ|| ಅಮುಕಳನ್ನು, ಶ್ರೀಮತಿ ಅಮುಕ ಮತ್ತು ಶ್ರೀ ಅಮುಕ ದಂಪತಿಗಳ ಪುತ್ರ ಚಿ|| ರಾ|| ಅಮುಕನಿಗೆ ಧಾರೆಯೆರೆದು ಕೊಡುವುದೆಂದು ನಿಶ್ಚಯಿಸಿದ್ದೇವೆ. ತಾವು ಸಕುಟುಂಬ ಸಪರಿವಾರರಾಗಿ ದಯಮಾಡಿಸಿ, ವಧೂವರರನ್ನು ಆಶೀರ್ವದಿಸಿ, ತೀರ್ಥಪ್ರಸಾದಗಳನ್ನು ಸ್ವೀಕರಿಸಬೇಕಾಗಿ ವಿಜ್ಞಾಪನೆ.”

ಆದರೆ ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿ ಎರಕವಾದವುಗಳಲ್ಲ. ಒಂದು ಮನೆಯಲ್ಲಿ ತಂದೆಯಿಲ್ಲ, ಇನ್ನೊಂದರಲ್ಲಿ ತಾಯಿಯಿಲ್ಲ. ಒಂದೆಡೆ ಸೋದರಮಾವನು ಸಾಕಿದ್ದಾನೆ, ಮತ್ತೊಂದೆಡೆ ತಂದೆತಾಯಿಗಳು ಬೇರೆಬೇರೆಯಾಗಿ ಬಾಳುತ್ತಿದ್ದಾರೆ. ಇಂತಹ ಮನೆಗಳಲ್ಲಿ ಪತ್ರಿಕೆಯ ಕರಡನ್ನು ಮುಂದಿಟ್ಟುಕೊಂಡಾಗ ಮೇಲಿನ ಅಚ್ಚು ಒದಗುವುದಿಲ್ಲ. ಆಗಲೇ ಮಾತಿನ ತಪಸ್ಸಿನ ಪರೀಕ್ಷೆ.

ಹಲವು ವರ್ಷಗಳ ಹಿಂದಿನ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕಾಗಿದೆ. ಒಬ್ಬ ತಾಯಿ ಮಗಳ ಲಗ್ನಪತ್ರಿಕೆಯನ್ನು ತಂದು ಗರ್ಭಗುಡಿಯ ಹೊಸ್ತಿಲ ಬಳಿ ಇಟ್ಟರು. ಮಗಳು ಎಂಟು ವರ್ಷದವಳಿದ್ದಾಗ ಪತಿಯನ್ನು ಕಳೆದುಕೊಂಡಿದ್ದ ಆಕೆ, ಹತ್ತಾರು ಮನೆಗಳ ಮಡಿ ಅಡುಗೆಗೆ ಹೋಗಿ, ಹಪ್ಪಳ ಸಂಡಿಗೆ ಮಾಡಿ ಮಾರಿ, ಆ ಹುಡುಗಿಯನ್ನು ಓದಿಸಿದ್ದುದು ನಮಗೆ ಗೊತ್ತಿತ್ತು. ಪತ್ರಿಕೆಯನ್ನು ಓದಿದೆವು. ಕನ್ಯೆಯ ದೊಡ್ಡಪ್ಪನ ಹೆಸರಿತ್ತು, ದೊಡ್ಡಮ್ಮನ ಹೆಸರಿತ್ತು, ಆಗಮನಾಭಿಲಾಷಿಗಳ ಪಟ್ಟಿಯಲ್ಲಿ ದೂರದ ಬಂಧುಗಳ ಮಕ್ಕಳ ಹೆಸರುಗಳೂ ಇದ್ದವು. ಹೆತ್ತ ತಾಯಿಯ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. “ತಮ್ಮ ಹೆಸರು ಕಾಣಲಿಲ್ಲವಲ್ಲ, ತಾಯಿ?” ಎಂದು ಕೇಳಿದೆವು. “ಮಂಗಲಕಾರ್ಯದ ಪತ್ರಿಕೆ, ಆಚಾರ್ಯರೇ. ನನ್ನ ಹೆಸರು ಬೇಡವೆಂದರು. ಅವಳು ಸುಖವಾಗಿದ್ದರೆ ಸಾಕು” ಎಂದು ಆಕೆ ನಕ್ಕರು. ನಾವು ಮಂತ್ರಾಕ್ಷತೆಯನ್ನು ಕೊಟ್ಟು ಸುಮ್ಮನಾದೆವು.

ಮದುವೆಗೂ ಹೋಗಿದ್ದೆವು. ಧಾರೆಯ ಹೊತ್ತಿಗೆ ಪುರೋಹಿತರು ಗೋತ್ರಪ್ರವರಗಳನ್ನು ಹೇಳಿ, ಇಂಥವರ ಪ್ರಪೌತ್ರಿ, ಇಂಥವರ ಪೌತ್ರಿ, ಇಂಥವರ ಪುತ್ರಿ ಎಂದು ಮೂರು ಸಲ ಉಚ್ಚರಿಸಿದರು. ಎಂದೋ ಪರಲೋಕಕ್ಕೆ ತೆರಳಿದ ಆ ತಂದೆಯ ಹೆಸರು ಮಂಟಪದಲ್ಲಿ ಮೂರು ಸಲವೂ ಸ್ಪಷ್ಟವಾಗಿ ಕೇಳಿಸಿತು. ಬದುಕಿದ್ದ ತಾಯಿ ಪಾಕಶಾಲೆಯ ಬಾಗಿಲಿನ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ತೀರಿಕೊಂಡ ತಂದೆಯ ಹೆಸರು ಮುಹೂರ್ತದ ನಡುಮಧ್ಯದಲ್ಲಿ ಮಂಗಲಕರವಾಗಿರುವಾಗ, ಬದುಕಿರುವ ತಾಯಿಯ ಹೆಸರು ಕಾಗದದ ಮೇಲೆ ಅಮಂಗಲವಾಗುವುದು ಹೇಗೆ? ಈ ಪ್ರಶ್ನೆ ಅಂದೇ ನಮಗೆ ಹೊಳೆಯಿತು. ಆದರೆ ಕೇಳಬೇಕಾದ ದಿನ ಕೇಳಲಿಲ್ಲ. ಪತ್ರಿಕೆಯನ್ನು ಬರೆಸಿದವರದ್ದು ತಪ್ಪಾದರೆ, ಓದಿಯೂ ಸುಮ್ಮನಿದ್ದ ನಮ್ಮದೂ ತಪ್ಪೇ. ಅದಕ್ಕಾಗಿಯೇ ಈ ಲೇಖನ.

ಶಾಸ್ತ್ರವು ಏನನ್ನುತ್ತದೆಂದು ನೋಡೋಣ. ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿ ಕನ್ಯೆಯನ್ನು ಕೊಡುವ ಅಧಿಕಾರ ಯಾರಿಗೆಂಬ ವಿಚಾರ ಬಂದಿದೆ. ತಂದೆ, ತಂದೆಯ ತಂದೆ, ಸೋದರ, ಕುಲದವರು, ತಾಯಿ ಎಂದು ಕ್ರಮವಾಗಿ ಹೆಸರಿಸಿ, ಹಿಂದಿನವರಿಲ್ಲದಿದ್ದಾಗ ಮುಂದಿನವರು ಅಧಿಕಾರಿಗಳೆಂದು ಅಲ್ಲಿ ಹೇಳಿದೆ. ತಾಯಿಯನ್ನು ಕೊನೆಯಲ್ಲಿ ಹೇಳಿದ್ದಾರೆ, ನಿಜ. ಆದರೆ ಕನ್ಯಾಪ್ರದರ ಸಾಲಿನಲ್ಲಿ ಹೇಳಿದ್ದಾರೆ. ತಂದೆಯಿಲ್ಲದ ಕನ್ಯೆಯ ತಾಯಿಯೆಂದರೆ ಪತಿಯನ್ನು ಕಳೆದುಕೊಂಡವಳೇ ಅಲ್ಲವೇ? ಕನ್ಯೆಯನ್ನು ಕೊಡುವ ಅಧಿಕಾರಿಗಳಲ್ಲಿ ಸ್ಮೃತಿಯೇ ಎಣಿಸಿದವಳನ್ನು ಕರೆಯುವವರ ಸಾಲಿನಿಂದ ತೆಗೆದುಹಾಕಲು ನಾವು ಯಾರು?

ಇನ್ನು ನಾಂದಿಯ ವಿಚಾರ. ವಿವಾಹಕ್ಕೆ ಮೊದಲು ನಾಂದೀಶ್ರಾದ್ಧವನ್ನು ಮಾಡಿ ಪಿತೃಗಳನ್ನು ಆಹ್ವಾನಿಸುತ್ತೇವೆ. ಅಲ್ಲಿ ಅವರು ನಾಂದೀಮುಖರು, ಅಂದರೆ ಸಂತೋಷದಿಂದ ಬಂದು ಹರಸುವವರು. ಆ ಕರ್ಮದಲ್ಲಿ ಮಾತೃವರ್ಗಕ್ಕೆ ಮೊದಲ ಸ್ಥಾನ. ತಾಯಿ, ಅಜ್ಜಿ, ಮುತ್ತಜ್ಜಿಯರನ್ನು ಸ್ಮರಿಸಿದ ಮೇಲೆಯೇ ತಂದೆ, ಅಜ್ಜ, ಮುತ್ತಜ್ಜಂದಿರ ಸ್ಮರಣೆ. ಆದ್ದರಿಂದ ಶುಭಕಾರ್ಯದಲ್ಲಿ ಗತಿಸಿದವರ ಹೆಸರೆತ್ತಬಾರದೆಂಬ ಮಾತಿಗೂ ಬಲವಿಲ್ಲ, ತಾಯಿಯ ಹೆಸರನ್ನು ಮೊದಲು ಹೇಳಬಾರದೆಂಬ ಮಾತಿಗೂ ಬಲವಿಲ್ಲ.

ಮಹಾಭಾರತವನ್ನೇ ನೆನೆಯೋಣ. ದ್ರೌಪದಿಯ ವಿವಾಹದ ಕಾಲಕ್ಕೆ ಪಾಂಡುರಾಜನು ತೀರಿಕೊಂಡು ವರ್ಷಗಳಾಗಿದ್ದವು. ಕುಂತೀದೇವಿಯು ಪತಿಯನ್ನು ಕಳೆದುಕೊಂಡವಳು, ಕುಂಬಾರನ ಮನೆಯಲ್ಲಿ ಮಕ್ಕಳೊಡನೆ ಅಡಗಿದ್ದವಳು. ಆದರೂ ವಿವಾಹವಾದ ಮೇಲೆ ಪಟ್ಟೆಯನ್ನುಟ್ಟ ದ್ರೌಪದಿಯು ಬಂದು ನಮಸ್ಕರಿಸಿದ್ದು ಆ ಅತ್ತೆಗೇ. ಶಚಿ, ಅರುಂಧತಿ, ಲಕ್ಷ್ಮೀದೇವಿಯರನ್ನು ನಿದರ್ಶನವಾಗಿರಿಸಿ ಕುಂತಿಯು ಸೊಸೆಯನ್ನು ಹರಸಿದಳು. ಭೀಮಸೇನದೇವರ ತಾಯಿಯ ಆ ಹರಕೆಯನ್ನು ಅಮಂಗಲವೆನ್ನುವ ಧೈರ್ಯ ಯಾವ ಮಾಧ್ವನಿಗಿದೆ? ಅವಳ ಆಶೀರ್ವಾದವು ಪಾಂಡವರ ಮನೆಗೆ ಬೇಕಾಗಿದ್ದಿತಾದರೆ, ನಮ್ಮ ಮನೆಯ ತಾಯಿಯ ಆಶೀರ್ವಾದವು ನಮ್ಮ ಮಕ್ಕಳಿಗೆ ಬೇಡವೇ?

ಇಲ್ಲಿ ಒಂದು ಭೇದವನ್ನು ತಿಳಿದುಕೊಳ್ಳುವುದು ಅವಶ್ಯ. ಮಂಟಪದಲ್ಲಿ ಸಂಕಲ್ಪ ಮಾಡಿ ಧಾರೆಯೆರೆಯುವವರು ಯಾರು ಎಂಬುದು ಒಂದು ಪ್ರಶ್ನೆ. ಬಂಧುಗಳನ್ನು ಮದುವೆಗೆ ಕರೆಯುವವರು ಯಾರು ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯದಕ್ಕೆ ಪುರೋಹಿತರು ಮನೆತನದ ಸೂತ್ರವನ್ನೂ ಆಚಾರವನ್ನೂ ನೋಡಿ ಉತ್ತರ ಹೇಳುತ್ತಾರೆ. ತಾಯಿಯ ಸಮ್ಮತಿಯಿಂದ ದೊಡ್ಡಪ್ಪ ದೊಡ್ಡಮ್ಮಂದಿರೋ, ಸೋದರಮಾವ ಅತ್ತೆಯರೋ ಕುಳಿತು ಧಾರೆಯೆರೆಯುವುದು ವಾಡಿಕೆ. ಎರಡನೆಯದು ಪ್ರೀತಿಯ ಅಧಿಕಾರ. ಎರಡನ್ನೂ ಒಂದೆಂದು ಭ್ರಮಿಸುವುದರಿಂದಲೇ ಹೆತ್ತವಳ ಹೆಸರು ಅಳಿಸಿಹೋಗುತ್ತದೆ. ಆದುದರಿಂದ ತಂದೆಯಿಲ್ಲದ ವಧುವಿನ ಪತ್ರಿಕೆಯನ್ನು ತಾಯಿಯೇ ಹೀಗೆ ಬರೆಸಬಹುದು:

“ನನ್ನ ಹಾಗೂ ದಿವಂಗತ ಶ್ರೀ ಅಮುಕರ ಪುತ್ರಿ ಚಿ|| ಸೌ|| ಅಮುಕಳ ವಿವಾಹಕ್ಕೆ ತಾವು ದಯಮಾಡಿಸಬೇಕಾಗಿ ಪ್ರಾರ್ಥಿಸುವ, ಶ್ರೀಮತಿ ಅಮುಕ. ಧಾರೆಯೆರೆದು ಕೊಡುವವರು: ವಧುವಿನ ದೊಡ್ಡಪ್ಪ ಶ್ರೀ ಅಮುಕ ಮತ್ತು ಶ್ರೀಮತಿ ಅಮುಕ.”

ಇದರಲ್ಲಿ ದೊಡ್ಡಪ್ಪನ ಗೌರವಕ್ಕೆ ಲೇಶವೂ ಕುಂದಿಲ್ಲ. ತಾಯಿಗೂ ತನ್ನ ಸ್ಥಾನವಿದೆ, ಗತಿಸಿದ ತಂದೆಯ ಸ್ಮರಣೆಯೂ ಇದೆ. ನಾಲ್ಕು ಲಕ್ಷಣಗಳೂ ಕೂಡಿಬಂದವು. ವರನ ತಾಯಿಯ ವಿಷಯದಲ್ಲಿಯೂ ಇದೇ ಕ್ರಮ. ತಂದೆಯಿಲ್ಲದ ವರನ ಪತ್ರಿಕೆಯಲ್ಲಿ ಅಣ್ಣನ ಹೆಸರು ಮಾತ್ರವಿದ್ದು ತಾಯಿಯ ಹೆಸರಿಲ್ಲದಿರುವುದನ್ನೂ ನಾವು ಕಂಡಿದ್ದೇವೆ. ಹಿಂದೆ ಪತ್ರಗಳಲ್ಲಿ ಪತಿಯನ್ನು ಕಳೆದುಕೊಂಡ ಹಿರಿಯ ಸ್ತ್ರೀಯರ ಹೆಸರಿಗೆ ‘ಗಂಗಾಭಾಗೀರಥೀ’ ಎಂದು ಸೇರಿಸುವ ರೂಢಿಯಿತ್ತು. ಗಂಗೆಗೆ ಸಮಾನರೆಂಬ ಗೌರವ ಅದರ ಹಿಂದಿದ್ದರೂ, ಇಂದು ಅದು ಅವರ ಸ್ಥಿತಿಯನ್ನು ಊರಿಗೆಲ್ಲ ಸಾರುವ ಗುರುತಾಗಿ ತೋರುತ್ತದೆ. ‘ಶ್ರೀಮತಿ’ ಎಂದಷ್ಟೇ ಬರೆದರೆ ಸಾಕು. ಗತಿಸಿದವರಿಗೆ ‘ದಿವಂಗತ’ ಎಂಬುದು ಸಾಕಾದ ಪದ. ಜೀವರ ಗತಿಯನ್ನು ನಿರ್ಣಯಿಸುವವನು ಶ್ರೀಹರಿಯೊಬ್ಬನೇ ಆದ್ದರಿಂದ ದೊಡ್ಡ ಬಿರುದುಗಳಿಗಾಗಿ ಹುಡುಕಾಡಬೇಕಾಗಿಲ್ಲ.

ತಾಯಿಯಿಲ್ಲದೆ, ತಂದೆಯು ಪುನಃ ವಿವಾಹವಾಗಿರುವ ಮನೆಗಳಲ್ಲಿ ಇನ್ನೊಂದು ಸಂಕಟ. ಹೆತ್ತವಳನ್ನು ಬರೆದರೆ ಸಾಕಿದವಳಿಗೆ ನೋವು, ಸಾಕಿದವಳನ್ನು ಮಾತ್ರ ಬರೆದರೆ ಹೆತ್ತವಳ ತವರಿನವರಿಗೆ ನೋವು. ಶಾಕುಂತಲೋಪಾಖ್ಯಾನದಲ್ಲಿ ಕಣ್ವಮಹರ್ಷಿಗಳು ಹೇಳಿದ ಧರ್ಮವನ್ನು ಇಲ್ಲಿ ನೆನೆಯಬೇಕು. ಶರೀರವನ್ನು ಕೊಟ್ಟವನು, ಪ್ರಾಣವನ್ನು ಉಳಿಸಿದವನು, ಅನ್ನವಿಟ್ಟವನು, ಈ ಮೂವರೂ ತಂದೆಯರೆಂಬುದು ಆ ನಿರ್ಣಯ. ತಂದೆಗೆ ಹೇಳಿದ್ದು ತಾಯಿಗೂ ಸಲ್ಲುತ್ತದೆ. “ದಿವಂಗತ ಶ್ರೀಮತಿ ಅಮುಕ ಅವರ ಪುತ್ರಿಯೂ ನಮ್ಮ ಮಡಿಲಲ್ಲಿ ಬೆಳೆದವಳೂ ಆದ ಚಿ|| ಸೌ|| ಅಮುಕ” ಎಂದು ಇಬ್ಬರ ಹೆಸರಿನಲ್ಲಿ ಕರೆದರೆ ಯಾರ ಋಣವೂ ಉಳಿಯುವುದಿಲ್ಲ.

ತಂದೆತಾಯಿಗಳಿಬ್ಬರೂ ಇಲ್ಲದ ಮಕ್ಕಳಿಗೆ ಅಜ್ಜನೋ, ಅಣ್ಣನೋ, ಚಿಕ್ಕಪ್ಪನೋ, ಸೋದರಮಾವನೋ ಮದುವೆ ಮಾಡುತ್ತಾರೆ. ಇಲ್ಲಿ ಕರೆಯುವವರು ತಮ್ಮ ಸಂಬಂಧವನ್ನು ಸ್ಪಷ್ಟವಾಗಿ ಬರೆಯಬೇಕು: “ನಮ್ಮ ಸೋದರಿ ದಿವಂಗತ ಶ್ರೀಮತಿ ಅಮುಕ ಮತ್ತು ದಿವಂಗತ ಶ್ರೀ ಅಮುಕರ ಪುತ್ರ, ನಮ್ಮ ಮನೆಯಲ್ಲಿಯೇ ಬೆಳೆದ ಚಿ|| ರಾ|| ಅಮುಕನ ವಿವಾಹಕ್ಕೆ” ಎಂದು. ಸೋದರಮಾವನ ಮನೆಯಲ್ಲಿ ಬೆಳೆಯುವುದು ಕೊರತೆಯೇನಲ್ಲ. ಪಾಂಡವರು ವನವಾಸದಲ್ಲಿದ್ದಾಗ ಅಭಿಮನ್ಯುವು ಬೆಳೆದದ್ದು ದ್ವಾರಕೆಯಲ್ಲಿ, ಸಾಕ್ಷಾತ್ ಶ್ರೀಕೃಷ್ಣನ ಆಶ್ರಯದಲ್ಲಿ. ಅಜ್ಞಾತವಾಸವು ಮುಗಿದು ಉತ್ತರೆಯೊಡನೆ ವಿವಾಹವು ನಿಶ್ಚಯವಾದಾಗ ಮಿತ್ರರಾಜರಿಗೂ ಶ್ರೀಕೃಷ್ಣನಿಗೂ ಕರೆ ಹೋಯಿತು. ಸುಭದ್ರೆಯನ್ನೂ ಅಭಿಮನ್ಯುವನ್ನೂ ಕರೆದುಕೊಂಡು ಶ್ರೀಕೃಷ್ಣನೇ ಉಪಪ್ಲವ್ಯಕ್ಕೆ ಬಂದನು. ತಂದೆಯು ದೂರವಿದ್ದ ಕಾಲದಲ್ಲಿ ಸಾಕಿದ ಮಾವನೇ ಮದುವೆಯ ದಿನ ಮುಂದೆ ನಿಂತನು.

ದತ್ತು ಮಕ್ಕಳ ವಿಷಯಕ್ಕೆ ಜನಕಮಹಾರಾಜನಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಯಜ್ಞಭೂಮಿಯನ್ನು ಉಳುವಾಗ ನೇಗಿಲ ಗೆರೆಯಲ್ಲಿ ಸೀತೆಯು ದೊರೆತಳೆಂಬುದನ್ನು ಅವನು ಮುಚ್ಚಿಡಲಿಲ್ಲ. ವಿಶ್ವಾಮಿತ್ರರಿಗೆ ತಾನೇ ಹೇಳಿದನು. ಆದರೆ ವಿವಾಹಮಂಟಪದಲ್ಲಿ ಶ್ರೀರಾಮನ ಮುಂದೆ ನಿಂತಾಗ ಇವಳು ನನ್ನ ಮಗಳೆಂದನಲ್ಲದೆ, ದೊರೆತವಳೆನ್ನಲಿಲ್ಲ. ಅದೇ ಮುಹೂರ್ತದಲ್ಲಿ ಅವನ ಸ್ವಂತ ಮಗಳಾದ ಊರ್ಮಿಳೆಯೂ, ತಮ್ಮನಾದ ಕುಶಧ್ವಜನ ಮಕ್ಕಳಾದ ಮಾಂಡವಿ ಶ್ರುತಕೀರ್ತಿಯರೂ ಧಾರೆಯೆರೆಯಲ್ಪಟ್ಟರು. ನಾಲ್ವರಲ್ಲಿ ಒಬ್ಬಳು ಹೆಚ್ಚು, ಒಬ್ಬಳು ಕಡಿಮೆ ಎಂಬ ಭಾವ ಆ ಮಂಟಪದಲ್ಲಿ ಸುಳಿಯಲಿಲ್ಲ. ಆದುದರಿಂದ ದತ್ತು ಪುತ್ರಿಯ ಪತ್ರಿಕೆಯಲ್ಲಿ “ನಮ್ಮ ಪುತ್ರಿ” ಎಂದಷ್ಟೇ ಬರೆಯಬೇಕು. ದತ್ತಕದ ವಿವರವನ್ನೂ ಗೋತ್ರಪ್ರವರಗಳನ್ನೂ ಬೀಗರಿಗೂ ಪುರೋಹಿತರಿಗೂ ನಿಶ್ಚಿತಾರ್ಥಕ್ಕೆ ಮೊದಲೇ ತಿಳಿಸುವುದು ಸತ್ಯ. ಅದನ್ನು ಅಚ್ಚು ಹಾಕಿಸಿ ಹಂಚುವುದು ಸತ್ಯವಲ್ಲ, ಅವಿವೇಕ. ಹೆತ್ತವರೂ ಬಂಧುಗಳಾಗಿದ್ದು ಅವರ ಹೆಸರೂ ಇರಲೆಂದು ಎಲ್ಲರೂ ಒಪ್ಪಿದರೆ ಹಾಕಬಹುದು. ಶೂರರಾಜನ ಮಗಳು ಪೃಥೆಯು ಕುಂತಿಭೋಜನ ಮನೆಗೆ ಹೋಗಿ ಕುಂತಿಯಾದಳು. ಗೀತೆಯಲ್ಲಿ ಶ್ರೀಕೃಷ್ಣನು ಅರ್ಜುನನನ್ನು ಪಾರ್ಥನೆಂದೂ ಕರೆಯುತ್ತಾನೆ, ಕೌಂತೇಯನೆಂದೂ ಕರೆಯುತ್ತಾನೆ. ಎರಡು ಮನೆಗಳ ಹೆಸರನ್ನೂ ಭಗವಂತನು ಉಳಿಸಿದನು. ಎರಡೂ ತಾಯಿಯ ಕಡೆಯಿಂದ ಬಂದ ಹೆಸರುಗಳೆಂಬುದನ್ನೂ ಗಮನಿಸತಕ್ಕದ್ದು.

ತಂದೆತಾಯಿಗಳು ಬೇರೆಯಾಗಿರುವ ಮನೆಗಳು ಇಂದು ನಮ್ಮ ಸಮಾಜದಲ್ಲಿಯೂ ಇವೆ. ಇಲ್ಲವೆಂದು ನಟಿಸುವುದರಿಂದ ಪ್ರಯೋಜನವಿಲ್ಲ. ಬೇರೆಯಾದವರನ್ನು ‘ದಂಪತಿಗಳು’ ಎಂದು ಬರೆಸುವುದು ಪ್ರಿಯವಾದರೂ ಅಸತ್ಯ. ಬೇರೆಯಾದರೆಂದು ಬರೆಸುವುದು ಸತ್ಯವಾದರೂ ಹಿತವಲ್ಲ. “ಶ್ರೀಮತಿ ಅಮುಕ ಅವರ ಹಾಗೂ ಶ್ರೀ ಅಮುಕ ಅವರ ಪುತ್ರಿ” ಎಂದು ಎರಡು ಹೆಸರುಗಳನ್ನೂ ಬಿಡಿಬಿಡಿಯಾಗಿ ಬರೆದರೆ ಸತ್ಯವೂ ಉಳಿಯುತ್ತದೆ, ಮಗುವಿನ ಮನಸ್ಸೂ ಉಳಿಯುತ್ತದೆ. ಕರೆಯುವವರ ಸ್ಥಾನದಲ್ಲಿ ಮಾತ್ರ ನಿಜವಾಗಿ ಕರೆಯುವವರ ಹೆಸರೇ ಇರಬೇಕು. ಒಬ್ಬರು ಬರಲು ಒಪ್ಪದಿದ್ದರೆ ಅವರ ಅನುಮತಿಯಿಲ್ಲದೆ ಅವರನ್ನು ಆಗಮನಾಭಿಲಾಷಿಯೆಂದು ಅಚ್ಚು ಹಾಕಿಸುವುದು ಸಲ್ಲದು. ಆದರೆ ತಂದೆ ತಂದೆಯೇ, ತಾಯಿ ತಾಯಿಯೇ. ದೊಡ್ಡವರ ಮನಸ್ತಾಪಕ್ಕಾಗಿ ಮಗುವಿನ ಹೆಸರಿನ ಹಿಂದಿರುವ ಒಂದು ಹೆಸರನ್ನು ಕತ್ತರಿಸಿಹಾಕುವ ಅಧಿಕಾರ ಇನ್ನೊಬ್ಬರಿಗಿಲ್ಲ. ಮಗುವನ್ನೇ ಕೇಳಿ ನಿರ್ಣಯಿಸುವುದು ಉತ್ತಮ.

ಪುನರ್ವಿವಾಹಕ್ಕೆ ನಮ್ಮ ದೇಶದ ಕಾನೂನು 1856ರಲ್ಲಿಯೇ ಮಾನ್ಯತೆ ಕೊಟ್ಟಿದೆ. ಇಂತಹ ವಿವಾಹದ ಪತ್ರಿಕೆಯಲ್ಲಿ ಹಿಂದಿನದರ ಸೂಚನೆ ಬೇಕಾಗಿಲ್ಲ. “ನಮ್ಮ ಪುತ್ರಿ” ಎಂಬ ಮಾತು ಎಂದೂ ಹಳತಾಗುವುದಿಲ್ಲ. ವಧುವಿಗೋ ವರನಿಗೋ ಮೊದಲ ವಿವಾಹದ ಮಗುವಿದ್ದರೆ ಆ ಮಗುವಿನ ಹೆಸರನ್ನು ಮನೆಯ ಮಕ್ಕಳ ಸಾಲಿನಲ್ಲಿ ಸೇರಿಸಿರಿ. ಪತ್ರಿಕೆಯನ್ನು ಕೈಗೆತ್ತಿಕೊಂಡು ತನ್ನ ಹೆಸರನ್ನು ಹುಡುಕುವವರಲ್ಲಿ ಮಕ್ಕಳೇ ಮೊದಲಿಗರು.

ಕರೆಯುವವರ ಮಾತಾಯಿತು. ಕರೆಸಿಕೊಳ್ಳುವವರ ವಿಚಾರವೂ ಇಷ್ಟೇ ಮುಖ್ಯ. ಪತಿಯನ್ನು ಕಳೆದುಕೊಂಡ ಹಿರಿಯರೊಬ್ಬರು ಮನೆಯಲ್ಲಿದ್ದರೆ ಲಕೋಟೆಯ ಮೇಲೆ ಅವರ ಹೆಸರನ್ನು ಬಿಟ್ಟು ಚಿಕ್ಕ ಮಗನ ಹೆಸರನ್ನು ಬರೆಯುವುದುಂಟು. ಮನೆಗೆ ಹೋಗಿ ಕರೆಯುವಾಗ ಸೊಸೆಗೆ ಮಾತ್ರ ಕುಂಕುಮವಿಟ್ಟು, ಒಳಗೆ ಕುಳಿತ ಅತ್ತೆಯ ಕಡೆಗೆ ನೋಡದೆ ಬರುವುದೂ ಉಂಟು. ಲಕೋಟೆಯ ಮೇಲೆ ಮನೆಯ ಹಿರಿಯರ ಹೆಸರನ್ನು ಬರೆಯಿರಿ. ಒಳಗೆ ಹೋಗಿ, ಅವರಿಗೆ ನಮಸ್ಕರಿಸಿ, ಫಲವನ್ನೂ ಪತ್ರಿಕೆಯನ್ನೂ ಅವರ ಕೈಗಿತ್ತು, “ತಾವು ಬಂದು ಮಕ್ಕಳನ್ನು ಹರಸಬೇಕು” ಎಂದು ಬಾಯ್ತುಂಬ ಕರೆಯಿರಿ. ‘ಸಕುಟುಂಬ ಸಪರಿವಾರ’ ಎಂದು ಅಚ್ಚು ಹಾಕಿಸಿ ಕುಟುಂಬದ ಹಿರಿಯರನ್ನೇ ಬಿಟ್ಟುಬಂದರೆ ಆ ಪದಗಳಿಗೆ ಅರ್ಥವೆಲ್ಲಿ?

ಕೆಲವು ವ್ಯಾವಹಾರಿಕ ಸೂಚನೆಗಳನ್ನೂ ಸೇರಿಸುತ್ತೇವೆ. ಶಾಲಿವಾಹನ ಶಕವರ್ಷವನ್ನು ತಿಳಿಯಲು ಯುಗಾದಿಯ ಅನಂತರವಾದರೆ ಕ್ರಿಸ್ತಶಕದಿಂದ 78ನ್ನೂ, ಜನವರಿಯಿಂದ ಯುಗಾದಿಯವರೆಗಾದರೆ 79ನ್ನೂ ಕಳೆಯಬೇಕು. 2025ರ ಮಾರ್ಚ್ 30ರ ಯುಗಾದಿಯಂದು ವಿಶ್ವಾವಸು ಸಂವತ್ಸರವೂ 1947ನೆಯ ಶಕವರ್ಷವೂ ಆರಂಭವಾದವು. ಜನವರಿಯ ಮದುವೆಯ ಪತ್ರಿಕೆಗಳಲ್ಲಿ ಇಲ್ಲಿಯೇ ತಪ್ಪು ನುಸುಳುತ್ತದೆ. ಮಠಗಳ ಪಂಚಾಂಗಗಳಲ್ಲಿ ತಿಥಿಗಳ ಗಣನೆ ಒಮ್ಮೊಮ್ಮೆ ಬೇರೆಯಾಗುವುದರಿಂದ, ಬೀಗರು ಬೇರೆ ಮಠದ ಶಿಷ್ಯರಾಗಿದ್ದರೆ ಎರಡೂ ಮನೆಯವರು ಕುಳಿತು ಒಂದೇ ಪಂಚಾಂಗದಂತೆ ಬರೆಸಬೇಕು. ವಿವಾಹವನ್ನು ನೋಂದಾಯಿಸುವಾಗ ಲಗ್ನಪತ್ರಿಕೆಯನ್ನು ಕೇಳುವುದುಂಟಾದ್ದರಿಂದ, ವಧೂವರರ ಹೆಸರುಗಳು ದಾಖಲೆಗಳಲ್ಲಿರುವಂತೆಯೇ ಇರಲಿ. ಮನೆಯಲ್ಲಿ ಕರೆಯುವ ಹೆಸರನ್ನು ಬೇಕಾದರೆ ಪಕ್ಕದಲ್ಲಿ ಸೇರಿಸಬಹುದು. ದೇವರ ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸದಿರುವುದು ಲೇಸು. ಮದುವೆ ಮುಗಿದ ಮೇಲೆ ಆ ಪತ್ರಿಕೆಗಳು ಎಲ್ಲೆಲ್ಲಿ ಬೀಳುತ್ತವೆಂಬುದನ್ನು ಬೀದಿಯಲ್ಲಿ ನಡೆಯುವವರೆಲ್ಲರೂ ಕಂಡಿದ್ದಾರೆ. ಶ್ರೀಕಾರವೊಂದು ಸಾಕು.

ಕಡೆಯದಾಗಿ ಇನ್ನೊಂದು ಸಂಗತಿ. ಮೊನ್ನಿನ ವೈಶಾಖದಲ್ಲಿ ಮಧ್ಯವಯಸ್ಸಿನ ಗೃಹಸ್ಥರೊಬ್ಬರು ಪತ್ರಿಕೆಯ ಕರಡನ್ನು ತೋರಿಸಲು ಬಂದರು. ತೀರಿಕೊಂಡ ತಮ್ಮನ ಮಗಳ ಮದುವೆ. ಖರ್ಚೆಲ್ಲ ಅವರದೇ. ಕರಡಿನಲ್ಲಿ ತಾಯಿಯ ಹೆಸರಿರಲಿಲ್ಲ. ಈ ಸಲ ನಾವು ಸುಮ್ಮನಿರಲಿಲ್ಲ. ಮೇಲೆ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಾನು ಕೆಟ್ಟ ಮನಸ್ಸಿನಿಂದ ಬಿಡಲಿಲ್ಲ, ಆಚಾರ್ಯರೇ. ನಮ್ಮ ಅಜ್ಜಿಯ ಕಾಲದಿಂದ ಹೀಗೆಯೇ ಬರೆಯುತ್ತಿದ್ದರು. ಯಾರೂ ಬೇರೆ ಹೇಳಲಿಲ್ಲ” ಎಂದರು. ಅಲ್ಲಿಯೇ ಪೆನ್ನು ತೆಗೆದು ತಮ್ಮ ಹೆಸರನ್ನು ಹೊಡೆದು, ಆ ಜಾಗದಲ್ಲಿ ತಮ್ಮನ ಪತ್ನಿಯ ಹೆಸರನ್ನು ಬರೆದು, ತಮ್ಮ ಹೆಸರನ್ನು ಕೆಳಗೆ ಧಾರೆಯೆರೆಯುವವರೆಂದು ಬರೆದರು. ವಾರದ ಬಳಿಕ ಮೊದಲ ಪತ್ರಿಕೆಯನ್ನು ದೇವರ ಮುಂದಿಡಲು ಬಂದವರು ಆ ತಾಯಿ. ಇಟ್ಟು, ನಮಸ್ಕರಿಸಿ, 'ನಾನೇ ಕರೆಯಲು ಬಂದಿದ್ದೇನೆ' ಎಂದು ದೇವರಿಗೆ ಹೇಳಿದ್ದು ನಮಗೂ ಕೇಳಿಸಿತು.

“ಯಾರೂ ಬೇರೆ ಹೇಳಲಿಲ್ಲ” ಎಂಬ ಆ ಗೃಹಸ್ಥರ ಮಾತು ನಮ್ಮನ್ನು ಇನ್ನೂ ಬಿಟ್ಟಿಲ್ಲ. ಹೇಳಬೇಕಾದವರು ಹೇಳದೆ ಹೋದದ್ದರಿಂದ ಎಷ್ಟು ಮನೆಗಳ ಪತ್ರಿಕೆಗಳಲ್ಲಿ ಎಷ್ಟು ತಾಯಂದಿರ ಹೆಸರು ಬಿಟ್ಟುಹೋಗಿರಬೇಕು! ಈ ಋತುವಿನಲ್ಲಿ ಪತ್ರಿಕೆಯನ್ನು ಬರೆಸುವವರು ಕರಡನ್ನು ಮುದ್ರಣಾಲಯಕ್ಕೆ ಕಳುಹಿಸುವ ಮೊದಲು ಮನೆಯ ಹಿರಿಯರ ಮುಂದೆ ಒಮ್ಮೆ ಗಟ್ಟಿಯಾಗಿ ಓದಬೇಕೆಂದು ಪ್ರಾರ್ಥಿಸುತ್ತೇವೆ. ಓದುವಾಗ ಯಾರ ಮುಖವಾದರೂ ಬಾಡಿದರೆ ಅಲ್ಲಿ ನಿಲ್ಲಿಸಿ ತಿದ್ದಿರಿ. ವರನಲ್ಲಿ ಅಂತರ್ಯಾಮಿಯಾಗಿರುವ ಶ್ರೀಲಕ್ಷ್ಮೀನಾರಾಯಣನಿಗೆ ಕನ್ಯೆಯನ್ನು ಸಮರ್ಪಿಸುತ್ತೇವೆಂಬುದು ನಮ್ಮ ಅನುಸಂಧಾನ. ಆ ಸ್ವಾಮಿಯು ತಾಯಿಯ ಹೃದಯದಲ್ಲಿಯೂ ಇದ್ದಾನೆ. ಅವಳನ್ನು ಹೊರಗಿಟ್ಟು ಕರೆದರೆ, ಯಾರನ್ನು ಕರೆದಂತಾಯಿತು?

ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಲಕ್ಷ್ಮೀನಾರಾಯಣನು ನಮ್ಮೆಲ್ಲರ ಮನೆಗಳ ಶುಭಕಾರ್ಯಗಳನ್ನು ಸಾಂಗವಾಗಿ ನಡೆಸಿಕೊಡಲಿ.

|| ಶ್ರೀ ಕೃಷ್ಣಾರ್ಪಣಮಸ್ತು ||